ಆನೆದಾರಿಯ ಲ್ಯಾಟಿನ್ ವಿಭಕ್ತಿ

ನಮ್ಮ ಮನೆಯಲ್ಲಿ ಲ್ಯಾಟಿನ್ ಕಲಿತವಳು ನಾನೊಬ್ಬಳೇ ಎಂದು ಹೇಳಿಕೊಂಡರೆ ಸುಳ್ಳಾಗುತ್ತದೆ. ಅಪ್ಪನಿಗೂ ಬರುತ್ತಿತ್ತು. ಅಮ್ಮನಿಗೆ ಅರ್ಧ ಬರುತ್ತಿತ್ತು. ನಮ್ಮ ಗದ್ದೆಯ ಕೆಲಸಕ್ಕೆ ಬರುತ್ತಿದ್ದ, ಕಾಡಿನಂಚಿನ ಆದಿವಾಸಿ ಹಾಡಿಯ ಹೆಂಗಸರಿಗೂ ಬರುತ್ತಿತ್ತು, ಅದೂ ಬಹಳ ಜೋರಾಗಿ. ಎಲ್ಲರಿಗೂ ಬರುತ್ತಿದ್ದುದು ಒಂದೇ ಒಂದು ಪದ, ಅದರ ವಿಭಕ್ತಿಗಳ ಸಮೇತ. ಅದಕ್ಕಿಂತ ಹೆಚ್ಚು ಲ್ಯಾಟಿನ್ ನನಗೂ ಈಗ ನೆನಪಿಲ್ಲ.

ಬಾವಲಿಯ ಬಸ್ ರಸ್ತೆಯಿಂದ ನಮ್ಮ ಮನೆಗೆ ಕಾಡಿನೊಳಗಿನ ಕಾಲುದಾರಿ. ಮುತ್ತಜ್ಜನ ಕಾಲದಲ್ಲಿ ಹೊಳೆ ದಾಟಿ ಈಚೆ ಬಂದು ಗದ್ದೆ ಮಾಡಿದವರು ನಾವು. ರಾಜ್ಯಗಳು ಬೇರೆಯಾದಾಗ ಹೊಳೆ ಗಡಿಯಾಯಿತು, ಚೆಕ್‌ಪೋಸ್ಟ್ ಬಂತು, ನಾವು ಕೇರಳದವರಾದೆವು. ಮನೆಯೊಳಗೆ ಕನ್ನಡ, ಅಂಗಳ ದಾಟಿದರೆ ಮಲಯಾಳ. ನನ್ನನ್ನು ಮಾತ್ರ ಅಪ್ಪ ಹೆಗ್ಗಡದೇವನಕೋಟೆಯಲ್ಲಿದ್ದ ಅತ್ತೆಯ ಮನೆಯಲ್ಲಿಟ್ಟು ಹೈಸ್ಕೂಲಿನವರೆಗೆ ಕನ್ನಡದಲ್ಲಿ ಓದಿಸಿದ್ದ. ಹೀಗಾಗಿ ಪಿಯುಸಿಗೆ ಸಮನಾದ ಪ್ರೀ-ಡಿಗ್ರಿ ಓದಲು ವಾಪಸು ಬಂದಾಗ ನಾನು ಮಲಯಾಳದಲ್ಲಿ ಜಗಳವಾಡಬಲ್ಲೆ, ಬರೆಯಲಾರೆ ಎಂಬ ಸ್ಥಿತಿಯಲ್ಲಿದ್ದೆ.

ಮಾನಂತವಾಡಿಯಲ್ಲಿ ಒಂದು ಸಾಮಾನಿನ ಅಂಗಡಿಯ ಮಹಡಿಯ ಮೇಲೆ ಟ್ಯುಟೋರಿಯಲ್ ಇತ್ತು. ಕಾಲೇಜಿಗೆ ಸೇರಲಾಗದವರು ಅಲ್ಲಿ ಪಾಠ ಹೇಳಿಸಿಕೊಂಡು ಖಾಸಗಿಯಾಗಿ ಪರೀಕ್ಷೆಗೆ ಕೂರುತ್ತಿದ್ದರು. ಎರಡನೆಯ ಭಾಷೆ ಯಾವುದು ಎಂದು ಅದರ ಯಜಮಾನ ಕೇಳಿದ. ಕನ್ನಡ ಇಲ್ಲ. ಮಲಯಾಳ ಬೇಡ. ಹಿಂದಿ ಎಂದರೆ ನನಗೆ ಜ್ವರ ಬರುತ್ತಿತ್ತು. ಆತ ಸ್ವಲ್ಪ ಯೋಚಿಸಿ, ಲ್ಯಾಟಿನ್ ತೆಗೆದುಕೊಳ್ಳಿ, ಅದನ್ನು ಯಾರೂ ತೆಗೆದುಕೊಳ್ಳುವುದಿಲ್ಲ, ಉತ್ತರಪತ್ರಿಕೆ ನೋಡುವವರು ಪಾದ್ರಿಗಳು, ಒಬ್ಬರಾದರೂ ಬರೆದರಲ್ಲ ಎಂಬ ಸಂತೋಷದಲ್ಲೇ ಮಾರ್ಕು ಹಾಕಿಬಿಡುತ್ತಾರೆ ಎಂದ. ಎಮ್ಮೆ ಕೊಳ್ಳುವಾಗ ನಾಲ್ಕು ಸಲ ಹಲ್ಲು ನೋಡುವ ಅಪ್ಪ ಈ ಮಾತನ್ನು ಒಂದೇ ಸಲಕ್ಕೆ ನಂಬಿಬಿಟ್ಟ. ಒಂದು ಷರತ್ತು ಮಾತ್ರ ಹಾಕಿದ.

“ಒಂದೇ ಸಲ ಕಣವ್ವ. ಪಾಸಾದ್ರೆ ಓದು, ಇಲ್ಲಾಂದ್ರೆ ಮನೆ.”

ಅಪ್ಪ ಷರತ್ತು ಹಾಕಿದರೆ ಅದು ಹಾಕಿದ್ದೇ. ಅಮ್ಮ ಕೂಡ ಅದನ್ನು ಬದಲಾಯಿಸಿದ್ದನ್ನು ನಾನು ಕಂಡಿರಲಿಲ್ಲ.

ಲ್ಯಾಟಿನ್ ಕಲಿಸುವವರನ್ನು ಎಲ್ಲರೂ ಮಾಷ್ ಎನ್ನುತ್ತಿದ್ದರು. ಅಲ್ಲಿ ಮೇಷ್ಟ್ರನ್ನು ಹಾಗೆಯೇ ಕರೆಯುವುದು. ಪಾದ್ರಿಯಾಗಲು ಸೆಮಿನರಿಗೆ ಸೇರಿ, ಅರ್ಧದಲ್ಲಿ ಬಿಟ್ಟುಬಂದವರು. ಯಾಕೆ ಬಿಟ್ಟರೆಂದು ಕೇಳುವ ಧೈರ್ಯ ಯಾರಿಗೂ ಇರಲಿಲ್ಲ, ಊಹಿಸುವ ಧೈರ್ಯ ಎಲ್ಲರಿಗೂ ಇತ್ತು. ಮದುವೆಯಾಗಿರಲಿಲ್ಲ. ಬಿಳಿ ಅಂಗಿ, ಬಿಳಿ ಮುಂಡು, ಬೇಸಿಗೆಯಲ್ಲೂ ಕೊಡೆ. ನಾನು ಅವರ ಏಕೈಕ ವಿದ್ಯಾರ್ಥಿನಿ. ಉಳಿದ ಹೊತ್ತು ಇಂಗ್ಲಿಷ್ ಹೇಳಿಕೊಡುತ್ತಿದ್ದರು. ಸತ್ತ ಭಾಷೆಯನ್ನು ಹೊತ್ತುಕೊಂಡು ತಿರುಗುತ್ತೀರಲ್ಲ ಮಾಷ್, ಮಣ್ಣು ಮಾಡುವುದು ಯಾವಾಗ ಎಂದು ಲೆಕ್ಕದ ಮೇಷ್ಟ್ರು ದಿನವೂ ಅವರನ್ನು ಛೇಡಿಸುತ್ತಿದ್ದರು. ಮಾಷ್ ನಗುತ್ತಿದ್ದರು. ನಕ್ಕ ಮೇಲೆ ಕೊಡೆಯನ್ನು ಸುಮ್ಮನೆ ಬಿಚ್ಚಿ ಮತ್ತೆ ಮಡಿಸುತ್ತಿದ್ದರು.

ಕೃದಂತದ ಪಾಠ ಬಂದಾಗ ಒಂದು ತಮಾಷೆ ನಡೆಯಿತು. ಕ್ರಿಯಾಪದದಿಂದ ಹುಟ್ಟಿ ನಾಮಪದದ ಹಾಗೆ ವಿಭಕ್ತಿ ಹಚ್ಚಿಕೊಳ್ಳುವ ಪದ ಅದು. ನಮ್ಮ ‘ಮಾಡುತ್ತಿರುವವನು, ಮಾಡುತ್ತಿರುವವನಿಗೆ’ ಇದ್ದಂತೆ. ಪುಸ್ತಕದಲ್ಲಿ ಉದಾಹರಣೆಗೆ ಕೊಟ್ಟಿದ್ದ ಪದ ‘ಅಮಾನ್ಸ್’. ಮಾಷ್ ಆ ಪುಟ ತೆರೆದರು, ಕೆಂಪಾದರು, ಮಗುಚಿದರು. ಈ ಉದಾಹರಣೆ ಅಷ್ಟು ಒಳ್ಳೆಯದಲ್ಲ, ಬೇರೆ ಕೊಡುತ್ತೇನೆ ಎಂದು ಬೋರ್ಡಿನ ಮೇಲೆ ‘ಕ್ಲಾಮಾನ್ಸ್’ ಎಂದು ಬರೆದರು. ಕೂಗುತ್ತಿರುವ ಎಂದು ಅರ್ಥ. ಮಗುಚಿದ ಪುಟವನ್ನೇ ಮೊದಲು ಓದುವ ವಯಸ್ಸು ನನ್ನದು. ಬಸ್ಸಿನಲ್ಲಿ ತೆರೆದು ನೋಡಿದರೆ ಅಮಾನ್ಸ್ ಎಂದರೆ ಪ್ರೀತಿಸುತ್ತಿರುವ! ಹೆಣ್ಣುಮಗಳ ಮುಂದೆ ಪ್ರೀತಿಸುವುದಕ್ಕೆ ವಿಭಕ್ತಿ ಹಚ್ಚುವುದು ಹೇಗೆಂದು ಹೆದರಿದ ಮಾಷ್ ಅದಕ್ಕೆ ‘ಕ್ಲ’ ಎಂಬ ಅಂಗಿ ತೊಡಿಸಿ ಮರ್ಯಾದಸ್ಥ ಪದ ಮಾಡಿ ಕಳಿಸಿದ್ದರು. ಬಾವಲಿ ಬರುವವರೆಗೂ ನಾನು ಒಬ್ಬಳೇ ನಗುತ್ತಿದ್ದೆ, ಕಂಡಕ್ಟರ್ ಎರಡು ಸಲ ತಿರುಗಿ ನೋಡಿದ.

ಕ್ಲಾಮಾನ್ಸ್, ಕ್ಲಾಮಾಂತಿಸ್, ಕ್ಲಾಮಾಂತಿ, ಕ್ಲಾಮಾಂತೆಮ್, ಕ್ಲಾಮಾಂತೆ. ಇದು ಏಕವಚನ: ಕೂಗುತ್ತಿರುವವನು, ಅವನ, ಅವನಿಗೆ, ಅವನನ್ನು, ಅವನಿಂದ. ಬಹುವಚನದಲ್ಲಿ ಕ್ಲಾಮಾಂತೆಸ್, ಕ್ಲಾಮಾಂತಿಯುಮ್, ಕ್ಲಾಮಾಂತಿಬುಸ್, ಮತ್ತೆ ಕ್ಲಾಮಾಂತೆಸ್, ಮತ್ತೆ ಕ್ಲಾಮಾಂತಿಬುಸ್. ಬಾಯಿಗೆ ಹತ್ತಿದರೆ ಬಿಡದ ಸರಣಿ. ನನಗೆ ಇಷ್ಟವಾದ ಒಂದು ಸಂಗತಿಯೆಂದರೆ, ಕೂಗುತ್ತಿರುವವನು, ಕೂಗುತ್ತಿರುವವಳು, ಕೂಗುತ್ತಿರುವುದು ಮೂರಕ್ಕೂ ಮೊದಲ ರೂಪ ಒಂದೇ. ಗಂಡಾಗಲಿ ಹೆಣ್ಣಾಗಲಿ ಕಾಡುಕೋಳಿಯಾಗಲಿ, ಕೂಗಿದರೆ ಕ್ಲಾಮಾನ್ಸ್. ಕೂಗುವವರಲ್ಲಿ ಹೆಚ್ಚುಕಡಿಮೆ ಮಾಡದ ಈ ಭಾಷೆ ಸತ್ತದ್ದು ಅನ್ಯಾಯ ಎನ್ನಿಸಿತು.

ನಮಗೆ ಕೂಗುವುದು ಹೊಸದೇನಲ್ಲ. ಕಾಡುದಾರಿಯಲ್ಲಿ ಬಾಯಿ ಮುಚ್ಚಿ ನಡೆಯುವವರು ನಮ್ಮಲ್ಲಿ ಇರಲಿಲ್ಲ. ಆನೆ ಕೆಟ್ಟದ್ದಲ್ಲ, ತಿಳಿಸದೆ ಅದರ ಹತ್ತಿರ ಹೋಗಬಾರದು, ಅಷ್ಟೆ. ಬರುತ್ತಿದ್ದೇವೆ ಎಂದು ತಿಳಿದರೆ ಅದೇ ದಾರಿ ಬಿಡುತ್ತದೆ. ಆದ್ದರಿಂದ ಮನೆಯ ಒಡ್ಡು ದಾಟಿದೊಡನೆ ಎಲ್ಲರೂ ದನಿ ಹಾಕಬೇಕು. ಅಮ್ಮ ತನ್ನ ತವರಿನ ನೆಂಟರ ತಪ್ಪುಗಳನ್ನು ಗಟ್ಟಿಯಾಗಿ ಹೇಳಿಕೊಂಡು ನಡೆಯುತ್ತಿದ್ದಳು. ದಾರಿ ಮುಗಿದರೂ ತಪ್ಪುಗಳು ಮುಗಿಯುತ್ತಿರಲಿಲ್ಲ. ದಿನವೂ ನನ್ನನ್ನು ಬಸ್ಸಿಗೆ ಬಿಡಲು ಬರುವ ಅಪ್ಪ ಎತ್ತುಗಳನ್ನು ಬೈಯುತ್ತಿದ್ದ. ಎತ್ತುಗಳು ಕೊಟ್ಟಿಗೆಯಲ್ಲೇ ಇರುತ್ತಿದ್ದವು, ಅದು ಬೇರೆ ಮಾತು. ಗದ್ದೆ ಕೆಲಸವಿಲ್ಲದ ದಿನಗಳಲ್ಲಿ ನಮ್ಮ ಜೊತೆಗೇ ಹಾಡಿಯ ಹೆಂಗಸರು ಅರಣ್ಯ ಇಲಾಖೆಯ ತೇಗದ ತೋಟದ ಕೆಲಸಕ್ಕೆ ಹೊರಡುತ್ತಿದ್ದರು. ಅವರು ಹಾಡುತ್ತಿದ್ದರು. ಅವರ ಸಾಲಿನ ಮುಂದೆ ನಡೆಯುವ, ಬಾಯಿತುಂಬ ಎಲೆಯಡಿಕೆಯ ಗಟ್ಟಿ ಹೆಂಗಸನ್ನು ನಾನು ಅಕ್ಕ ಎನ್ನುತ್ತಿದ್ದೆ. ಅಪ್ಪನ ಬೈಗುಳ ನಮಗಿಂತ ಮೊದಲೇ ಬಸ್‌ಸ್ಟಾಪ್ ತಲುಪಿ ಅಲ್ಲಿನವರೆಲ್ಲ ನಗುತ್ತಿದ್ದುದರಿಂದ, ನಾನು ನಾಚಿಕೆ ತಾಳಲಾರದೆ ನನ್ನ ದನಿಗೆ ಕ್ಲಾಮಾನ್ಸ್ ಹಿಡಿದೆ. ಪಾಠವೂ ಆಯಿತು, ಆನೆಗೆ ತಿಳಿಸಿದಂತೆಯೂ ಆಯಿತು.

ಅದು ನಕ್ಸಲರ ಕಾಲ. ಸುತ್ತಲಿನ ಊರುಗಳಲ್ಲಿ ದೊಡ್ಡ ಜಮೀನಿನವರು ಸಂಜೆಯಾಗುವ ಮೊದಲೇ ಬಾಗಿಲು ಹಾಕಿಕೊಳ್ಳುತ್ತಿದ್ದರು. ವೆಳ್ಳಮುಂಡದ ಕಡೆಯಿಂದ, ಕೇಣಿಚಿರದ ಕಡೆಯಿಂದ ಜಮೀನ್ದಾರರ ಮನೆಗೆ ನುಗ್ಗಿದ ಸುದ್ದಿ ದಿನಕ್ಕೊಂದು. ಭೂಮಿ ಉಳುವವರಿಗೆ, ಕೂಲಿ ಹೆಚ್ಚಿಸಿ ಎಂಬ ಬರಹಗಳು ಸೇತುವೆಯ ಮೇಲೆ ಕಾಣಿಸಿಕೊಂಡವು. ನಮ್ಮದು ದೊಡ್ಡ ಜಮೀನೇನಲ್ಲ. ಆದರೂ ಅಪ್ಪ, ಅಂಗಳದಲ್ಲಿ ಮೂರು ಜನ ಒಟ್ಟಿಗೆ ನಿಂತರೆ ಮೊದಲು ಅವರ ಕೈ ನೋಡುತ್ತಿದ್ದ, ಆಮೇಲೆ ಮುಖ. ಪೊಲೀಸರು ಬಂದು ಬಾವಲಿಯಲ್ಲಿ ಕ್ಯಾಂಪ್ ಹಾಕಿದರು. ಹಾಡಿಯ ಕೆಲವು ಗಂಡಸರನ್ನು ಕರೆದೊಯ್ದು, ಕಾಡಿನಲ್ಲಿರುವವರಿಗೆ ಅಕ್ಕಿ ಕೊಟ್ಟಿರಾ ಎಂದು ಹೊಡೆದು ಕೇಳಿ ಬಿಟ್ಟರು. ಅಕ್ಕನ ಗಂಡ ಬಹಳ ದಿನ ಬೆನ್ನು ಊರಿ ಮಲಗಲಿಲ್ಲ. ಆ ದಿನಗಳನ್ನು ನೆನೆದರೆ ನನಗೆ ಇಂದಿಗೂ ಸಿಟ್ಟು ಬರುತ್ತದೆ.

ಅದಾದ ಮೇಲೆ ಒಂದು ಅಪ್ಪಣೆ ಬಂತು: ಕಾಡಿನಲ್ಲಿ ಯಾರೂ ಕೂಗಬಾರದು, ಹಾಡಬಾರದು. ಅದು ಒಳಗಿರುವವರಿಗೆ ಸನ್ನೆಯಂತೆ. ದೂರದ ಊರುಗಳಿಂದ ಬಂದ ಪೊಲೀಸರಿಗೆ ಆನೆಯ ಮರ್ಯಾದೆ ಗೊತ್ತಿರಲಿಲ್ಲ. ಕೂಗಿದರೆ ಪೊಲೀಸ್, ಕೂಗದಿದ್ದರೆ ಆನೆ. ಎರಡರಲ್ಲಿ ಆನೆಗೆ ವಿವರಿಸಿ ಹೇಳುವುದು ಸುಲಭ ಎಂದು ಅಮ್ಮ ಅಂದಳು. ಹಾಡಿಯ ಹೆಂಗಸರು ಕೆಲಸ ಬಿಟ್ಟು ಕೂತರು. ಅಪ್ಪ ನನ್ನನ್ನು ತಡೆದ.

“ಬ್ಯಾಡ ಮಗಾ. ದನಿ ಇಲ್ದೆ ಆ ದಾರೀಲಿ ಕಾಲಿಡಾಕಾಗಲ್ಲ.”

ಪರೀಕ್ಷೆ ಹತ್ತಿರವಾಗಿತ್ತು. ಮಾಷ್ ಬಸ್ ಕಂಡಕ್ಟರ್ ಕೈಲಿ ಹೇಳಿಕಳಿಸಿದರು: ಲ್ಯಾಟಿನ್ ಬೆಂಚು ಖಾಲಿ ಇದೆ. ಕಂಡಕ್ಟರ್ ತನ್ನದೂ ಸೇರಿಸಿದ. ಈ ಹುಡುಗಿಯೂ ಪರೀಕ್ಷೆ ಬರೆಯದಿದ್ದರೆ ಲ್ಯಾಟಿನ್ ತೆಗೆದು ಆ ಹೊತ್ತಿಗೆ ಟೈಪಿಂಗ್ ಹಾಕುತ್ತೇನೆ ಎಂದು ಯಜಮಾನ ಹೇಳಿದ್ದಾನಂತೆ. ಮಾಷ್ ಮಧ್ಯಾಹ್ನ ಊಟ ಬಿಟ್ಟು ಬಸ್‌ಸ್ಟ್ಯಾಂಡಿನಲ್ಲಿ ಬಾವಲಿ ಬಸ್ಸಿಗೆ ಕಾಯುತ್ತಾರಂತೆ. ನಾನು ಅತ್ತುಬಿಟ್ಟೆ. ನನಗಾಗಿ ಅತ್ತೆನೋ ಮಾಷ್‌ಗಾಗಿ ಅತ್ತೆನೋ, ಎರಡೂ ಒಂದೇ ಆಗಿತ್ತು. ನಾನು ಸೋತರೆ ಅವರ ಭಾಷೆಯನ್ನು ಈ ಸಲ ನಿಜವಾಗಿಯೂ ಮಣ್ಣು ಮಾಡುತ್ತಿದ್ದರು.

ಅಪ್ಪನಿಗೆ ಅಳು ನೋಡಲಾಗುವುದಿಲ್ಲ. ಒಗೆದ ಅಂಗಿ ತೊಟ್ಟು, ಒಂದು ಗೊನೆ ಬಾಳೆಹಣ್ಣು ಹೊತ್ತು, ನನ್ನನ್ನು ಕರೆದುಕೊಂಡು ಕ್ಯಾಂಪಿಗೆ ಹೊರಟ. ಆ ದಿನ ಕಾಡುದಾರಿಯಲ್ಲಿ ನಾವಿಬ್ಬರೂ ಬಾಯಿ ಮುಚ್ಚಿ ನಡೆದೆವು. ಅಷ್ಟು ಹೆದರಿಕೆ ನನಗೆ ಬದುಕಿನಲ್ಲಿ ಮತ್ತೆ ಆಗಿಲ್ಲ.

ಕ್ಯಾಂಪಿನಲ್ಲಿ ಇದ್ದವರು ತೆಂಕಣ ಕಡಲತೀರದ ಒಬ್ಬ ದಪ್ಪ ಹೆಡ್ ಕಾನ್‌ಸ್ಟೇಬಲ್. ಮೀನಿಲ್ಲದ ಊರಿಗೆ ಹಾಕಿದರೆಂದು ಸರ್ಕಾರದ ಮೇಲೂ, ಜಿಗಣೆ ಕಚ್ಚಿದ್ದಕ್ಕೆ ನಮ್ಮ ಮೇಲೂ ಅವರಿಗೆ ಕೋಪ. ಪೊಲೀಸರನ್ನು ಅಲ್ಲಿ ಕರೆಯುವ ಹಾಗೆ ಅಪ್ಪ ಏಮಾನ್ರೇ ಎಂದು ಕೈಮುಗಿದ.

“ಏಮಾನ್ರೇ, ಮಗಳು ದಾರೀಲಿ ಪಾಠ ಹೇಳ್ಕೊಂಡು ಹೋಗ್ತಾಳೆ. ಅದ್ಕೊಂದು ಅಪ್ಪಣೆ ಬೇಕು.”

“ಎಂಥ ಪಾಠ? ಇಲ್ಲಿ ಹೇಳಲಿ, ಕೇಳೋಣ” ಅಂದರು ಅವರು ಮಲಯಾಳದಲ್ಲಿ.

ನಾನು ಕಣ್ಣು ಮುಚ್ಚಿ, ಕೈಕಟ್ಟಿ ಶುರುಮಾಡಿದೆ. ಹೆದರಿಕೆಗೆ ದನಿ ತಾನೇ ತಾನಾಗಿ ರಾಗವಾಯಿತು. ಕ್ಲಾಮಾನ್ಸ್, ಕ್ಲಾಮಾಂತಿಸ್, ಕ್ಲಾಮಾಂತಿ. ಬಹುವಚನ ಮುಗಿಸಿ ಕಣ್ಣು ತೆರೆದರೆ ಹೆಡ್ ಕಾನ್‌ಸ್ಟೇಬಲ್ ಟೋಪಿ ತೆಗೆದು ಎದ್ದು ನಿಂತಿದ್ದಾರೆ! ಹಣೆ, ಎದೆ, ಭುಜ ಮುಟ್ಟಿ ಶಿಲುಬೆಯ ಗುರುತು ಮಾಡಿಕೊಂಡರು. ಕಣ್ಣು ಒದ್ದೆಯಾಗಿತ್ತು.

“ನಮ್ಮ ಅಮ್ಮಚ್ಚಿ ಜೊತೆ ಚರ್ಚಿಗೆ ಹೋಗ್ತಿದ್ದಾಗ ಹೀಗೇ ಕೇಳಿದ್ದು” ಅಂದರು. “ಆಗ ಪೂಜೆ ಲ್ಯಾಟಿನ್‌ನಲ್ಲಿತ್ತು, ಈಗ ಎಲ್ಲ ಮಲಯಾಳದಲ್ಲಿ. ಇದನ್ನು ಮತ್ತೆ ಕೇಳ್ತೀನಿ ಅಂದುಕೊಂಡಿರಲಿಲ್ಲ. ನೀನು ಹೇಳು ಮೋಳೇ, ಪ್ರಾರ್ಥನೆಗೆ ಯಾವ ತಡೆಯೂ ಇಲ್ಲ.”

ಅಪ್ಪ ನನ್ನ ಕಡೆ ನೋಡಿದ, ನಾನು ಬಾಳೆಗೊನೆಯ ಕಡೆ ನೋಡಿದೆ. ಅಪ್ಪ ಸುಳ್ಳು ಹೇಳಲಿಲ್ಲ. ಪಾಠ ಎಂದು ಮೊದಲೇ ಹೇಳಿಯಾಗಿತ್ತಲ್ಲ. ಬಾಳೆಹಣ್ಣನ್ನು ಮಾತ್ರ ಇನ್ನಷ್ಟು ಭಕ್ತಿಯಿಂದ ಮುಂದಿಟ್ಟ.

ವಾಪಸು ಬರುವಾಗ ಅಪ್ಪ ಎತ್ತುಗಳನ್ನು ಬೈಯಲು ಬಾಯಿ ತೆರೆದವನು, ನೆನಪಾಗಿ ನಿಲ್ಲಿಸಿ, “ಅದೇನವ್ವ ಮೊದಲ್ನೇದು?” ಎಂದು ಕೇಳಿದ. ಮನೆ ಮುಟ್ಟುವ ಹೊತ್ತಿಗೆ ಏಕವಚನ ಬಂತು. ಅರ್ಥ ಹೇಳಿದಾಗ, ಇದು ನಮ್ಮ ವಿಭಕ್ತಿಯೇ, ಕದ್ದಿದ್ದಾರೆ ಎಂದು ತೀರ್ಮಾನಿಸಿದ. ಮರುದಿನ ಸುದ್ದಿ ತಿಳಿದು ಅಕ್ಕ ತನ್ನ ಸಾಲನ್ನು ಕರೆದುಕೊಂಡು ಒಡ್ಡಿನ ಹತ್ತಿರ ಕಾದಿದ್ದಳು.

“ಕೂಸೇ, ಪೊಲೀಸು ಬಿಡೋ ಮಂತ್ರ ಅದ್ಯಾವ್ದು? ನಮಗೂ ಒಸಿ ಕೊಡು. ಪಣಿಗೆ, ಕೂಲಿಗೆ ಹೋಗದೆ ಒಲೆ ಹತ್ತುಸ್ಲಿಲ್ಲ.”

ಮಂತ್ರವಲ್ಲ, ಕೂಗುತ್ತಿರುವವರು ಎಂದಷ್ಟೇ ಅದರ ಅರ್ಥ ಎಂದೆ. ಅಕ್ಕ ಎಲೆಯಡಿಕೆ ಉಗಿದು ನಕ್ಕಳು. “ಕೂಗಬ್ಯಾಡ ಅಂದೋರ ಮುಂದೇನೇ ಕೂಗೋರು, ಕೂಗೋರು ಅಂತ ಕೂಗೋದಾ? ಶರಿ, ಹೇಳು.”

ಹೀಗೆ ಇಡೀ ಸಾಲು ಲ್ಯಾಟಿನ್ ಕಲಿಯಿತು. ನಾನು ಒಂದು ರೂಪ ಹೇಳುವುದು, ಅವರು ಮುಂದಿನದನ್ನು ಎತ್ತುವುದು. ಹಾಡಿನ ಹಾಗೆ ಎಳೆದು, ಬೇಕಾದಲ್ಲಿ ಒಂದು ಓ ಸೇರಿಸಿ, ಚತುರ್ಥಿಯನ್ನು ಮರೆತರೆ ಪಂಚಮಿಯಿಂದ ತುಂಬಿಸಿ ಹೇಳುತ್ತಿದ್ದರು. ಕೊನೆಯ ‘ಬುಸ್’ ಬಂದಾಗ ಎಲ್ಲರೂ ಹಾವಿನ ಹಾಗೆ ಬುಸುಗುಟ್ಟಿ ನಗುತ್ತಿದ್ದರು. ಮಾಷ್ ಕೇಳಿದ್ದರೆ ಮೂರ್ಛೆ ಹೋಗುತ್ತಿದ್ದರು. ಕ್ಯಾಂಪಿನ ಮುಂದೆ ಹಾಯುವಾಗ ಹೆಡ್ ಕಾನ್‌ಸ್ಟೇಬಲ್ ಟೋಪಿ ತೆಗೆದು ನಿಲ್ಲುತ್ತಿದ್ದರು. ಕಾಡಿನ ಜನ ಇಷ್ಟು ಬೇಗ ದೇವರ ದಾರಿಗೆ ಬಂದರೆಂದು ಅವರು ಊರಿಗೆ ಹೇಳಿಕಳಿಸಿದ್ದೂ ಉಂಟು. ಗಂಡನ ಬೆನ್ನಿನ ಬಾಸುಂಡೆ ನೆನಪಿದ್ದ ಅಕ್ಕ, ಅಲ್ಲಿ ಬೇಕೆಂದೇ ನಡಿಗೆ ನಿಧಾನ ಮಾಡಿ, ದನಿ ಏರಿಸುತ್ತಿದ್ದಳು.

ಪರೀಕ್ಷೆಯ ದಿನ ದಾರಿಯ ತಿರುವಿನಲ್ಲಿ ಬಿದಿರು ಮುರಿಯುವ ಸದ್ದು ಕೇಳಿತು. ದೊಡ್ಡವನು ನಿಂತಿದ್ದ, ಕಾಡಿನಲ್ಲಿ ಎದುರಾದಾಗ ಅವನ ಹೆಸರು ಹೇಳುವುದಿಲ್ಲ. ಕಿವಿ ಬಡಿಯುವುದು ನಿಲ್ಲಿಸಿ ನಮ್ಮನ್ನು ಕೇಳಿಸಿಕೊಳ್ಳುತ್ತಿದ್ದ. ಮುಂದಿದ್ದ ಅಪ್ಪನ ಬಾಯಿ ಕ್ಲಾಮಾಂತಿ ಎಂಬಲ್ಲಿ ಕಟ್ಟಿಹೋಯಿತು. ನನ್ನದೂ ಹೊರಡಲಿಲ್ಲ. ಹಿಂದಿನಿಂದ ಅಕ್ಕ ಏನೂ ಆಗದವಳ ಹಾಗೆ ಕ್ಲಾಮಾಂತೆಮೋ ಎಂದು ಎಳೆದಳು, ಸಾಲು ಅದನ್ನು ಎತ್ತಿಕೊಂಡಿತು. ಬಹುವಚನ ಮುಗಿಯುವಷ್ಟರಲ್ಲಿ ದೊಡ್ಡವನು ಬಿದಿರಿನ ಒಂದು ಗಳ ಎಳೆದುಕೊಂಡು ಇಳಿಜಾರಿಗೆ ಇಳಿದ.

ಪ್ರಶ್ನೆಪತ್ರಿಕೆಯಲ್ಲಿ ಕೇಳಿದ್ದು ಅಮಾನ್ಸ್. ನಾನು ಕ್ಲಾಮಾನ್ಸ್‌ನ ಅಂಗಿ ಬಿಚ್ಚಿ ಎಲ್ಲ ವಿಭಕ್ತಿಯನ್ನೂ ಬರೆದುಬಂದೆ. ಯಾವ ಪ್ರಶ್ನೆ ಬಂದಿತ್ತೆಂದು ಮಾಷ್ ಆಸೆಯಿಂದ ಕೇಳಿದರು. ಹೇಳಿದೆ. ಕಿಟಕಿಯ ಹೊರಗೆ ನೋಡುತ್ತ, ಅರ್ಥ ಕೇಳಿರಲಿಲ್ಲ ತಾನೆ ಎಂದರು.

ಫಲಿತಾಂಶ ಮಳೆಗಾಲದಲ್ಲಿ ಬಂತು. ಗದ್ದೆಯಲ್ಲಿ ನಾಟಿ ನಡೆದಿತ್ತು, ಅಕ್ಕನ ಸಾಲು ನಮ್ಮಲ್ಲೇ ಇತ್ತು, ನಾನು ಒಡ್ಡಿನ ಮೇಲೆ ಸಸಿಯ ಕಟ್ಟು ಎಸೆಯುತ್ತಿದ್ದೆ. ಕಾಡಿನೊಳಗಿಂದ ಒಂದು ತೆಳ್ಳಗಿನ ಗಂಡು ದನಿ ಕೇಳಿತು. ಕಾಡುದಾರಿಯಲ್ಲಿ ದನಿ ಹಾಕಿಕೊಂಡು ಹೋಗಿ ಎಂದು ಬಸ್‌ಸ್ಟಾಪಿನಲ್ಲಿ ಯಾರೋ ಹೇಳಿರಬೇಕು. ಮಾಷ್‌ಗೆ ಬೇರೇನು ಬರುತ್ತದೆ?

“ಕ್ಲಾಮಾನ್ಸ್…” ಎಂದಿತು ಕಾಡು.

“ಕ್ಲಾಮಾಂತಿಸೋ!” ಎಂದಿತು ಗದ್ದೆ, ಬಗ್ಗಿದ ಬೆನ್ನು ಎತ್ತದೆಯೇ.

ಕಾಡಿನ ದನಿ ನಿಂತಿತು. ಸ್ವಲ್ಪ ಹೊತ್ತಿಗೆ, ಅನುಮಾನದಿಂದ, “ಕ್ಲಾಮಾಂತಿ?” ಎಂದು ಕೇಳಿತು. ಗದ್ದೆ ದ್ವಿತೀಯೆಯನ್ನು ಕಳಿಸಿತು. ಬಹುವಚನಕ್ಕೆ ಬರುವ ಹೊತ್ತಿಗೆ ಮಾಷ್ ಮರಗಳ ಮರೆಯಿಂದ ಹೊರಬಂದಿದ್ದರು. ಮುಂಡು ಕೆಸರಾಗಿತ್ತು, ಕೊಡೆ ಕೈಯಲ್ಲಿದ್ದರೂ ಬಿಚ್ಚಿರಲಿಲ್ಲ, ಮಳೆಯಲ್ಲಿ ನೆನೆಯುತ್ತ ಒಡ್ಡಿನ ಮೇಲೆ ನಿಂತು ಆ ಸಾಲನ್ನು ನೋಡಿದರು. ಮೊಣಕಾಲವರೆಗೆ ಕೆಸರಿನಲ್ಲಿದ್ದ ಹೆಂಗಸರು ಕೊನೆಯ ಬುಸ್ ಮುಗಿಸಿ ಗೊಳ್ಳನೆ ನಕ್ಕರು.

“ನನಗೆ ನೀನೊಬ್ಬಳೇ ವಿದ್ಯಾರ್ಥಿನಿ ಅಂದುಕೊಂಡಿದ್ದೆ” ಎಂದರು ಮಾಷ್. ಅವರ ಮುಖ ನೋಡಲಾಗದೆ ನಾನು ಸಸಿಯ ಕಡೆ ತಿರುಗಿದೆ.

ಜಗಲಿಯಲ್ಲಿ ಕೂತು, ಬಿಸಿ ಕಾಪಿ ಕುಡಿದು, ಅವರು ಸುದ್ದಿ ಹೇಳಿದರು. ಲ್ಯಾಟಿನ್‌ನಲ್ಲಿ ನನಗೆ ಅವರೇ ನಂಬಲಾಗದಷ್ಟು ಮಾರ್ಕು. ಇಂಗ್ಲಿಷ್‌ನಲ್ಲಿ ಫೇಲ್. ಇಂಗ್ಲಿಷ್ ಕಲಿಸಿದ್ದೂ ಅವರೇ ಎಂಬುದನ್ನು ಅಮ್ಮ ನೆನಪಿಸಿದಳು. ಸೆಪ್ಟೆಂಬರಿನಲ್ಲಿ ಮತ್ತೆ ಬರೆಯಬಹುದು, ಎರಡನೆಯ ವರ್ಷಕ್ಕೂ ಲ್ಯಾಟಿನ್ ಇದೆ, ಬೆಂಚು ತೆಗೆಯುವುದಿಲ್ಲ ಎಂದು ಯಜಮಾನ ಒಪ್ಪಿದ್ದಾನೆ, ಇವಳು ಬಂದರೆ ಮಾತ್ರ ಎಂದು ಮಾಷ್ ಲೋಟದೊಳಗೆ ನೋಡುತ್ತ ಹೇಳಿದರು.

“ಮಾತು ಅಂದ್ರೆ ಮಾತು ಮಾಷೇ. ಒಂದೇ ಸಲ ಅಂದಿದ್ದೆ” ಅಂದ ಅಪ್ಪ. ಅವನ ದನಿಯಲ್ಲಿ ಗೆಲುವಿರಲಿಲ್ಲ. ಹೇಳಿದ್ದನ್ನು ಹಿಂದಕ್ಕೆ ತೆಗೆದುಕೊಳ್ಳುವುದು ಹೇಗೆಂದು ಅವನಿಗೆ ಯಾರೂ ಕಲಿಸಿರಲಿಲ್ಲ. ನಾನು ಒಳಗೆ ಹೋಗಿ ಬಾಗಿಲ ಹಿಂದೆ ನಿಂತೆ.

ಅಷ್ಟರಲ್ಲಿ ಅಂಗಳದಲ್ಲಿ ಸದ್ದಾಯಿತು. ಅಕ್ಕ, ಅವಳ ಹಿಂದೆ ಇಡೀ ಸಾಲು, ಜಗಲಿಯ ಮಾತು ಕೇಳಿಸಿ ನಾಟಿ ಬಿಟ್ಟು ಬಂದು ನಿಂತಿದ್ದರು. ಇಷ್ಟು ದಿನ ಬೇರೆಯವರ ಅಂಗಳದಲ್ಲಿ ನಡೆಯುತ್ತಿದ್ದುದು ಕೊನೆಗೂ ತನ್ನ ಅಂಗಳಕ್ಕೆ ಬಂತೆಂದು ಅಪ್ಪ ಎದ್ದು ನಿಂತ.

“ಕೂಲಿ ವಿಷ್ಯ ನಾಟಿ ಮುಗೀಲಿ, ಕೂತು ಮಾತಾಡಾಣ” ಅಂದ.

“ಕೂಲಿ ಆಮ್ಯಾಕೆ, ಅದನ್ನ ಬುಡಲ್ಲ” ಅಂದಳು ಅಕ್ಕ. “ಕೂಸಿನ ಓದು ನಿಲ್ಲಿಸ್ಬ್ಯಾಡಿ ಗೌಡ್ರೆ.”

“ಅದು ನಮ್ಮನೆ ವಿಷ್ಯ.”

“ನಿಮ್ಮನೇದಲ್ಲ, ದಾರೀದು. ಕೂಸು ಓದ್ತಾ ಇದ್ರೆ ತಾನೆ ಅದು ಪಾಠ? ಕೂಸು ಮನೇಲಿ ಕೂತ್ರೆ, ನಾಳೆ ಬ್ಯಾರೆ ಪೊಲೀಸು ಬಂದು ಯಾಕೆ ಕೂಗ್ತೀರಿ ಅಂದ್ರೆ ನಾವೇನು ಹೇಳಾದು? ಅವಳು ನಿಂತ್ರೆ ನಮ್ಮ ಬಾಯೂ ನಿಲ್ತದೆ.”

ಮಾಷ್ ಕೊಡೆ ಬಿಚ್ಚಿದರು, ಮಡಿಸಿದರು. ಹೆಂಗಸರ ಕೈಗಳಿಂದ ಕೆಸರುನೀರು ಅಂಗಳಕ್ಕೆ ತೊಟ್ಟಿಕ್ಕುತ್ತಿತ್ತು. ಅಪ್ಪ ಅವರ ಕೈಗಳನ್ನು ನೋಡಿದ, ಆಮೇಲೆ ಮುಖಗಳನ್ನು ನೋಡಿದ. ಹಾಗೇ ಗದ್ದೆಯ ಕಡೆ ಇಳಿದುಹೋದ.

ಮರುದಿನ ಬೆಳಿಗ್ಗೆ ನಾನು ಎದ್ದಾಗ ಅಪ್ಪ ಅಂಗಿ ತೊಟ್ಟು, ಕೋಲು ಹಿಡಿದು ಒಡ್ಡಿನ ಹತ್ತಿರ ನಿಂತಿದ್ದ. ಬಸ್ಸಿಗೆ ಹೊತ್ತಾಯಿತು ಎಂದೂ ಹೇಳಲಿಲ್ಲ, ಬಾ ಎಂದೂ ಹೇಳಲಿಲ್ಲ. ಕಾಡಿನ ಕಡೆ ಮುಖ ಮಾಡಿ, ಗಂಟಲು ಸರಿಮಾಡಿಕೊಂಡು, ಅವನೇ ಮೊದಲು ಶುರುಮಾಡಿದ.